ನಿಲ್ಲದ ಚೆಲ್ಲೊ, ಮುಗಿಯದ ಹಾಡು

ನಮ್ಮ ಸೊಸೆ ಲೀಲಾವತಿ ಗದಗಿನವಳು, ಆಕ್ಲೆಂಡಿನಲ್ಲಿ ನರ್ಸ್. ಅವಳು ಹಾಡುತ್ತ ಇಂಜೆಕ್ಷನ್ ಕೊಟ್ಟರೆ ರೋಗಿಗಳು ಇನ್ನೊಂದು ತೋಳನ್ನೂ ಚಾಚುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ಚಾಚದೆ ಇರಲಾರರು.

ಹಿಂದೂಸ್ತಾನಿ ಕಲಿತ ಈ ಹುಡುಗಿಗೆ ಇಲ್ಲಿ ಬರೋಕ್ ಸಂಗೀತದ ಹುಚ್ಚು ಹಿಡಿಯಿತು. ಅದು ಮುನ್ನೂರು ವರ್ಷದ ಹಿಂದಿನ ಯುರೋಪಿನದು. ಕೆಳಗೆ ಚೆಲ್ಲೊ ಎಂಬ ದೊಡ್ಡ ಪಿಟೀಲು ಬಿಡುವಿಲ್ಲದೆ ನಡೆಯುತ್ತಿರುತ್ತದೆ. ಮೇಲೆ ಹಾಡುವವರು ದನಿಯನ್ನು ಚಕ್ಕನೆ ತಿರುವುವ ಮುರ್ಕಿ ಹಾಕಿ ಸಿಂಗರಿಸುತ್ತಾರೆ. ದನಿ ಒಮ್ಮೆಲೇ ಜೋರು, ಒಮ್ಮೆಲೇ ಮೆತ್ತಗೆ, ನಮ್ಮ ಶವರಿನ ಬಿಸಿನೀರಿನ ಹಾಗೆ. ಅಳುವ ಹಾಡು ಕೊನೆತನಕ ಅಳುತ್ತದೆ, ಕುಣಿಯುವುದು ಕೊನೆತನಕ ಕುಣಿಯುತ್ತದೆ.

ಮೌಂಟ್ ಆಲ್ಬರ್ಟಿನ ಚರ್ಚ್ ಹಾಲಿನಲ್ಲಿ ಅಂಥದೊಂದು ತಂಡವಿದೆ, ಲೀಲಾವತಿಯೂ ಅದರಲ್ಲಿ ಹಾಡುತ್ತಾಳೆ. ಯಜಮಾನಿ ಹೇಜಲ್. ಆಗಸ್ಟಿನ ಕಾರ್ಯಕ್ರಮಕ್ಕೆ ಒಬ್ಬಳೇ ನಿಂತು ಹಾಡುವವಳನ್ನು ಆರಿಸುವ ದಿನ ಲೀಲಾವತಿ ನನ್ನನ್ನೂ ಕರೆದೊಯ್ದಳು. ಕಾರಿನಲ್ಲಿ ಅವಳ ಮುಖ ಸಣ್ಣದಾಗಿತ್ತು.

"ಮಾವಾರ, ನನಗ ಅವರ ನೊಟೇಶನ್ ಓದಾಕ ಬರೂದಿಲ್ಲ. ಇಷ್ಟು ದಿನ ಕೇಳಿ ಕೇಳಿ ಹಾಡೇನಿ. ಗೊತ್ತಾದ್ರ ತಂಡದಿಂದ ತಗದಬಿಡ್ತಾರ."

"ನಾ ನಲವತ್ತು ವರ್ಷ ಆಫೀಸಿನ್ಯಾಗ ಫೈಲ್ ಓದದೇ ಸೈನ್ ಮಾಡೇನಿ. ಯಾರು ಏನ ಅಂದ್ರು?" ಅಂದೆ. ಅವಳು ನಗಲಿಲ್ಲ.

ಹಾಲಿನಲ್ಲಿ ಅವಳ ಸರದಿ ಬಂದು ಹಾಡು ಶುರುವಾಯಿತು. ಚೆಲ್ಲೊದವನು ಡಂಕನ್. ಅವನದು ಎಂಟೇ ಸ್ವರ, ಸುತ್ತಿ ಸುತ್ತಿ ಅದೇ. ಪ್ರತಿ ಸುತ್ತಿಗೂ ಇವಳು ಹೊಸ ಸಿಂಗಾರ ಹಾಕಬೇಕು. ಆರು ಸುತ್ತು ಸೊಗಸಾಗಿ ಹಾಡಿ, ನಮ್ಮ ರೂಢಿಯಂತೆ ಕೊನೆಯ ತುಣುಕನ್ನು ಮೂರು ಸಲ ಹಾಡಿ ತಿಹಾಯಿ ಮುಗಿಸಿದಳು. ನಮ್ಮ ತಬಲಾದವರಾದರೆ ಅಲ್ಲಿಗೇ ನಿಲ್ಲುತ್ತಿದ್ದರು. ಡಂಕನ್‌ಗೆ ಏನು ಗೊತ್ತು? ಇವಳಿಗೆ ಇನ್ನೂ ಹುಮ್ಮಸ್ಸಿದೆ ಎಂದು ಮತ್ತೆ ಎಂಟು ಸ್ವರ ಹಿಡಿದ. ನುಡಿಸುವವನನ್ನು ನಡುವೆ ಬಿಡಬಾರದೆಂದು ಇವಳೂ ಮತ್ತೆ ಹಾಡಿದಳು. ಮತ್ತೆ ತಿಹಾಯಿ, ಮತ್ತೆ ಡಂಕನ್. ಅಷ್ಟರಲ್ಲಿ ನಾನು ಹದಿನೇಳು ಬಿಸ್ಕತ್ತು ತಿಂದಿದ್ದೆ. ಎದುರಿನವನ ಗಡ್ಡ ಒಂದಿಂಚು ಬೆಳೆದಿತ್ತು.

ಕೊನೆಗೆ ಲೀಲಾವತಿ ಇಷ್ಟು ಹೊತ್ತು ಓದುವವಳಂತೆ ಹಿಡಿದಿದ್ದ ನೊಟೇಶನ್ ಹಾಳೆಯನ್ನು ಕುರ್ಚಿಯ ಮೇಲೆ ಬಿಸಾಕಿ, ಡಂಕನ್‌ನ ಕಡೆ ತಿರುಗಿ, ಚಪ್ಪಾಳೆ ತಟ್ಟಿ ತೋರಿಸುತ್ತ ಹಾಡಿದಳು. ಒಂದು, ಎರಡು, ಮೂರು. ಇಬ್ಬರೂ ಒಟ್ಟಿಗೆ ನಿಂತರು.

ಹೇಜಲ್ ಕೇಳಿದಳು, "ಅದು ಯಾವ ಪುಟದಲ್ಲಿತ್ತು?"

"ನನಗೆ ಪುಟ ಓದಲು ಬರುವುದಿಲ್ಲ," ಎಂದಳು ಲೀಲಾವತಿ.

ಹೇಜಲ್ ಕನ್ನಡಕ ತೆಗೆದಳು. "ಆ ಕಾಲದ ಹಾಡುಗಾರರ ಸಿಂಗಾರವೂ ಪುಟದಲ್ಲಿ ಇರುತ್ತಿರಲಿಲ್ಲ. ನನ್ನ ತಂಡದವರಿಗೆ ಹಾಳೆ ಬಿಟ್ಟು ಹಾಡಲು ಹೇಳಿ ಹೇಳಿ ಸಾಕಾಗಿದೆ. ಆಗಸ್ಟಿಗೆ ನೀನೇ. ಓದುವುದನ್ನು ನಾನು ಕಲಿಸುತ್ತೇನೆ, ನಿಲ್ಲುವುದನ್ನು ನೀನು ಡಂಕನ್‌ಗೆ ಕಲಿಸು."

ಈಗ ಗುರುವಾರ ಸಂಜೆ ಹೇಜಲ್, ಡಂಕನ್ ಇಬ್ಬರೂ ನಮ್ಮ ಮೌಂಟ್ ರಾಸ್ಕಿಲ್ ಮನೆಗೆ ಬರುತ್ತಾರೆ. ತಿಹಾಯಿಯ ಮೂರನೆಯದಕ್ಕೆ ಡಂಕನ್ ಸರಿಯಾಗಿ ನಿಲ್ಲುತ್ತಾನೆ. ಜೋಳದ ರೊಟ್ಟಿಯಲ್ಲಿ ಮಾತ್ರ ಆರನೆಯದಕ್ಕೂ ನಿಲ್ಲುವುದಿಲ್ಲ.