ಒಬ್ಬರಿಗಾಗುವಷ್ಟು ರಬ್ಬರು

ನನ್ನ ಅಕ್ಕನ ಗಂಡ ಕಾರು ಕಲಿಸುವ ಮೇಷ್ಟ್ರು. ಊರಿನ ಅರ್ಧ ಜನ ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅವರಿಂದಲೇ. ಆದರೂ ಅವರಿಗೆ ಸಿಕ್ಕ ಹೆಸರು ‘ಬ್ರೇಕ್ ಮೇಷ್ಟ್ರು’. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಭಾವನ ಕಾಲು ಸದಾ ಅದರ ಮೇಲೆ. ಕಲಿಯುವವರು ಕೊಂಚ ಹುಮ್ಮಸ್ಸಿನಿಂದ ಹೊರಟರೆ ಸಾಕು, ಒತ್ತಿಬಿಡುವರು. ಕೈ ಚಾಚಿ ಸ್ಟಿಯರಿಂಗನ್ನೂ ಕಿತ್ತುಕೊಳ್ಳುವರು. ಊಟಕ್ಕೆ ಕೂತಾಗಲೂ ಇವರ ಬಲಗಾಲು ನೆಲ ಒತ್ತುತ್ತಿರುತ್ತದೆ ಎಂದು ಅಕ್ಕ ನಗುತ್ತಿದ್ದಳು. ಈಗ ನಗುವುದಿಲ್ಲ.

ಬದುಕಿಡೀ ಇನ್ನೊಬ್ಬರ ವೇಗಕ್ಕೆ ಅಡ್ಡಗಾಲು ಹಾಕಿ ಹೊಟ್ಟೆ ಹೊರೆದ ಮನುಷ್ಯನಿಗೆ ತಾನೂ ಒಮ್ಮೆ ಜೋರಾಗಿ ಓಡಿಸಬೇಕೆನಿಸಿದರೆ ತಪ್ಪೇನಿಲ್ಲ. ಊರಾಚೆಯ ರೇಸ್ ಟ್ರ್ಯಾಕನ್ನು ಕೆಲವು ಭಾನುವಾರ ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಹೆಲ್ಮೆಟ್ ಇದ್ದವರು ಸ್ವಂತ ಕಾರು ತಂದು ಸುತ್ತು ಹೊಡೆಯಬಹುದು. ಭಾವ ತಮ್ಮ ಹಳೆಯ ಚಿಕ್ಕ ಕಾರನ್ನು ಅಲ್ಲಿಗೆ ಒಯ್ಯತೊಡಗಿದರು, ಜೊತೆಗೆ ಮಗಳನ್ನೂ. ಬೆಳಗಿನ ಸರದಿ ಅಪ್ಪನದು, ಮಧ್ಯಾಹ್ನದ್ದು ಮಗಳದು. ನನ್ನದು ಟೈರಿನ ಅಂಗಡಿಯಾದ್ದರಿಂದ ಗಾಳಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಹುಡುಗಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಾತು ಕಡಿಮೆ. ಟ್ರ್ಯಾಕಿನಿಂದ ಇಳಿದಾಗ ಮಾತ್ರ ಮುಖವೆಲ್ಲ ನಗು, ಬಾಯಿ ತುಂಬ ಮಾತು. ಅದೇ ಕಾರು, ಅದೇ ಟೈರು, ಆದರೆ ಪ್ರತಿ ಸಲವೂ ಅವಳು ಅಪ್ಪನಿಗಿಂತ ಬೇಗ ಸುತ್ತು ಮುಗಿಸುತ್ತಿದ್ದಳು. “ಮಧ್ಯಾಹ್ನ ನೆಲ ಬಿಸಿ ಇರುತ್ತೆ, ಟೈರ್ ಚೆನ್ನಾಗಿ ಹಿಡಿಯುತ್ತೆ, ಅದಕ್ಕೇ” ಎನ್ನುವರು ಭಾವ. ಅವಳು ಒಮ್ಮೆ ಸರದಿ ಬದಲಿಸಿಕೊಂಡು ಬೆಳಗಿನ ಚಳಿಯಲ್ಲೇ ಓಡಿಸಿದಳು. ಆಗಲೂ ಅವಳೇ ಮುಂದೆ. ಭಾವನ ಮುಖ ಹುಳ್ಳಗಾಯಿತು.

ಟೈರು ಸವೆದಾಗ ಇಬ್ಬರೂ ನನ್ನ ಅಂಗಡಿಗೆ ಬಂದರು. ಹುಡುಗಿ ಮೊದಲೇ ಯೋಚಿಸಿಟ್ಟಿದ್ದಳು.

“ಅಪ್ಪ, ನಮ್ಮ ಇಂಜಿನ್‌ಗೆ ಈಗಿರೋ ಅಗಲಾನೇ ಸಾಕು. ಇನ್ನೂ ಅಗಲ ಆದ್ರೆ ಎಳೆಯೋಕೆ ಒದ್ದಾಡುತ್ತೆ. ರಬ್ಬರೂ ಈಗಿನ ಥರಾನೇ ಇರ್ಲಿ, ತೀರಾ ಮೆತ್ತಗೂ ಬೇಡ, ಗಟ್ಟೀನೂ ಬೇಡ. ನಡುವಿಂದಾದ್ರೆ ಜಾರೋ ಮುಂಚೆ ಕೈಗೆ ಗೊತ್ತಾಗುತ್ತೆ. ಇಬ್ಬರಿಗೂ ವರ್ಷವೆಲ್ಲಾ ಬರುತ್ತೆ.”

ನೋಡೋಣ ಎಂದು ಹೋದ ಭಾವ, ಮಾರನೆಯ ವಾರ ಒಬ್ಬರೇ ಬಂದು ಅಗಲದ ಟೈರು ಕೇಳಿದರು, ಅದೂ ಎಲ್ಲಕ್ಕಿಂತ ಮೆತ್ತನೆಯ ರಬ್ಬರಿನದು. ಅದಕ್ಕೆ ರಿಮ್ಮೂ ಬದಲಿಸಬೇಕಿತ್ತು.

“ಭಾವ, ಇದು ಅಂಟು ರಬ್ಬರ್,” ಎಂದೆ. “ತಿರುವಲ್ಲಿ ಕೈ ಒರಟಾದ್ರೂ ಸಹಿಸಿಕೊಳ್ಳುತ್ತೆ, ನಿಜ. ಆದ್ರೆ ಬಿಸಿಯೇರಿದಷ್ಟೂ ಸವೀತಾ ಹೋಗುತ್ತೆ. ಇಬ್ಬರು ಓಡಿಸಿದ್ರೆ ನೋಡ್ತಾ ನೋಡ್ತಾ ಮುಗೀತು. ಬೇಡ.”

“ಗೊತ್ತು, ಹಾಕು,” ಎಂದರು.

ಆ ‘ಗೊತ್ತು’ ಏನೆಂದು ನನಗೆ ತಿಳಿದದ್ದು ಟ್ರ್ಯಾಕಿನಲ್ಲಿ. ಅಂದು ಬೆಳಗ್ಗೆ ಭಾವ ಹೋದರು. ನೇರ ಹಾದಿಯಲ್ಲಿ ಇಂಜಿನ್ ಏದುಸಿರು ಬಿಟ್ಟರೂ ತಿರುವುಗಳಲ್ಲಿ ಟೈರು ನೆಲ ಬಿಡಲಿಲ್ಲ. ಸ್ಟಿಯರಿಂಗ್ ಕಿತ್ತುಕೊಳ್ಳುವ ಅವರ ಅಭ್ಯಾಸವನ್ನೆಲ್ಲ ಆ ರಬ್ಬರು ನುಂಗಿಕೊಂಡಿತು. ಮಗಳ ಹಿಂದಿನ ಸಮಯಕ್ಕಿಂತ ಕೂದಲೆಳೆಯಷ್ಟು ಬೇಗ ಸುತ್ತು ಮುಗಿಸಿದರು. ಎದೆಯುಬ್ಬಿಸಿಕೊಂಡು ಊಟ ಮಾಡಿದರು.

ಮಧ್ಯಾಹ್ನ ಹುಡುಗಿ ಹೆಲ್ಮೆಟ್ ಹಿಡಿದು ಬಂದಾಗ ಡ್ರೈವರ್ ಸೀಟಿನಲ್ಲಿ ಭಾವ ಕೂತಿದ್ದರು.

“ಇವತ್ತು ಬೇಡಮ್ಮ. ಈ ರಬ್ಬರ್ ಬೇಗ ಸವೆಯುತ್ತೆ. ಇಬ್ಬರಿಗಾಗಲ್ಲ.”

ಅವಳು ಬಗ್ಗಿ ಟೈರಿಗೆ ಉಗುರೊತ್ತಿ ನೋಡಿದಳು. “ಅದು ಗೊತ್ತಿದ್ದೇ ತಂದ್ಯಾ ಅಪ್ಪ?”

“ನಿಮ್ಮ ಮಾವನೇ ಕೊಟ್ಟಿದ್ದು.”

ನನ್ನ ಮೈ ಉರಿದುಹೋಯಿತು. “ನಾನು ಬೇಡ ಅಂದಿದ್ದೆ ಭಾವ, ಅದನ್ನೂ ಹೇಳಿ,” ಎಂದೆ. ಅವರು ಗಾಜು ಏರಿಸಿಕೊಂಡು ಅವಳ ಸರದಿಯನ್ನೂ ತಾವೇ ಓಡಿಸಿದರು. ಹೊರಡುವಾಗ ಹುಡುಗಿ ಹೆಲ್ಮೆಟ್ಟನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು. ಅದನ್ನು ಮತ್ತೆ ಮುಟ್ಟಲಿಲ್ಲ.

ಒಬ್ಬರೇ ಸುತ್ತಿ ಸುತ್ತಿ ಭಾವನಿಗೆ ಬೇಸರ ಬಂತು. ಗೆದ್ದೆ ಎಂದು ಹೇಳಿಕೊಳ್ಳಲು ಸೋತವರಾದರೂ ಎದುರಿಗಿರಬೇಕಲ್ಲ. ಅಂಟು ರಬ್ಬರು ಸವೆದು ಮುಗಿದಾಗ ಅವರು ತಾವಾಗಿಯೇ ಹಳೆಯ ಅಗಲದ, ನಡುವಿನ ಹದದ ಟೈರು ಹಾಕಿಸಿಕೊಂಡರು. “ಅವಳು ಹೇಳಿದ್ದೇ ಹಾಕಿಸಿದ್ದೀನಿ, ಎಷ್ಟು ಬೇಕಾದ್ರೂ ಓಡಿಸ್ಲಿ. ನೀನೇ ಹೇಳು,” ಎಂದು ನನ್ನನ್ನು ಕನ್ನಡಕದಂಗಡಿಗೆ ಅಟ್ಟಿದರು. ಒಂದೇ ಮನೆಯಲ್ಲಿರುವ ಅಪ್ಪ ಮಗಳ ನಡುವೆ ನಾನು ದೂತ!

ಹುಡುಗಿ ಯಾರದೋ ಕನ್ನಡಕ ಒರೆಸುತ್ತಲೇ ಕೇಳಿಸಿಕೊಂಡಳು.

“ಅಪ್ಪನಿಗೆ ನಾನು ನಿಧಾನ ಆಗ್ಬೇಕಿತ್ತು, ಮಾವ. ನಾನು ನಿಂತೇ ಬಿಟ್ಟೆ. ಇನ್ನೇನು ಬೇಕಂತೆ?”

ಆ ಭಾನುವಾರ ಭಾವ ಬೆಳಗ್ಗೆಯೂ ಓಡಿಸಿದರು, ಮಧ್ಯಾಹ್ನವೂ ಓಡಿಸಿದರು. ಮಗಳು ಓಡಿಸುತ್ತಿದ್ದಂಥದ್ದೇ ಟೈರು, ಅದೇ ಬಿಸಿ ನೆಲ. ಅವಳ ಸಮಯದ ಹತ್ತಿರಕ್ಕೂ ಹೋಗಲಾಗಲಿಲ್ಲ. ಕಾರು ನಿಲ್ಲಿಸಿ, ಇಳಿಯದೆ, ಹಿಂದಿನ ಸೀಟಿನಲ್ಲಿದ್ದ ಹೆಲ್ಮೆಟ್ಟನ್ನು ಕನ್ನಡಿಯಲ್ಲಿ ನೋಡುತ್ತ ಕೂತರು.

“ಗಾಳಿ ಸರಿ ಇದೆಯಾ ನೋಡೋ,” ಎಂದರು ಕೊನೆಗೆ.

ನಾಲ್ಕೂ ಚಕ್ರ ಆಗಲೇ ನೋಡಿದ್ದೆ.

“ಸರಿ ಇದೆ ಭಾವ,” ಎಂದೆ.