ದಾರಿ ಬಿಟ್ಟುಕೊಟ್ಟ ಮೇಲೆ

ಗುರುದೇವಿ ಸೈಕಲ್ ಕಲಿತದ್ದು ತಾಳಿಕೋಟೆ ಕಡೆಯ ತವರಿನಲ್ಲಿ, ಅಣ್ಣನ ಹಳೆಯ ಸೈಕಲ್ಲಿನ ಸಂದಿಯಲ್ಲಿ ಕಾಲು ತೂರಿಸಿ. ವಿಜಯಪುರದ ಸೀಮೆಯಲ್ಲಿ ಸೈಕಲ್ ರೇಸಿಗೆ ಕುಸ್ತಿಯಷ್ಟೇ ಮರ್ಯಾದೆ. ಅಲ್ಲಿನ ಹುಡುಗಿಯರು ಪದಕ ಗೆದ್ದು ರೈಲ್ವೆಯಲ್ಲಿ ನೌಕರಿ ಹಿಡಿಯುವುದು ಹೊಸ ಮಾತೇನಲ್ಲ. ಗುರುದೇವಿಯೂ ಹತ್ತನೆಯ ತರಗತಿಯವರೆಗೆ ತಾಲ್ಲೂಕಿನ ರೇಸುಗಳಲ್ಲಿ ಓಡಿದವಳು. ಆಮೇಲೆ ವಿಷಮಶೀತ ಜ್ವರ ಬಂದು ಒಂದು ವರ್ಷ ತಪ್ಪಿತು. ತಪ್ಪಿದ್ದು ತಪ್ಪಿಯೇ ಹೋಯಿತು.

ಮದುವೆಯಾಗಿ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದಳು. ಗಂಡ ಆನಂದಕುಮಾರನಿಗೆ ಅಲ್ಲೇ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ. ಅವಳು ಸಿಕಂದರಾಬಾದಿನ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂಡಿಸುವ ಕೆಲಸ ಹಿಡಿದಳು. ಮೂವತ್ತು ದಾಟಿದ ಮೇಲೆ ಒಂದು ದಿನ, ಬಸ್ಸಿನ ನೂಕುನುಗ್ಗಲಿಗೆ ರೋಸಿಹೋಗಿ, ಕೆಲಸಕ್ಕೆ ಸೈಕಲ್ ಮೇಲೆ ಹೋದಳು. ಮರುದಿನವೂ ಹೋದಳು. ವರ್ಷ ತಿರುಗುವುದರೊಳಗೆ ಕೂಕಟ್‌ಪಲ್ಲಿಯ ಯಾರೋ ಮಾರಿದ ರೇಸ್ ಸೈಕಲ್ ಮನೆಗೆ ಬಂತು. ದಿನಾ ಬೆಳಗಾಗುತ್ತಲೇ ಕೀಸರದ ಗುಡ್ಡದವರೆಗೆ ಹೋಗಿಬರುವುದು ಅವಳಿಗೆ ಚಹಾ ಕುಡಿದಷ್ಟು ಸಹಜವಾಯಿತು.

ಆ ವರ್ಷದ ಚಳಿಗಾಲದಲ್ಲಿ ಹೈದರಾಬಾದಿನಲ್ಲೇ ಒಂದು ದೊಡ್ಡ ರೇಸು ನಿಗದಿಯಾಯಿತು. ವೃತ್ತಿಪರರು, ಹವ್ಯಾಸಿಗಳು ಎಂಬ ಭೇದವಿಲ್ಲ, ಎಲ್ಲರೂ ಒಂದೇ ದಿನ, ಒಂದೇ ರಸ್ತೆಯಲ್ಲಿ ಎಂದು ಸಾರಿದ್ದರು. ಬಹುಮಾನ ಮಾತ್ರ ಬೇರೆ ಬೇರೆ. ಹೆಂಗಸರಲ್ಲಿ ಹವ್ಯಾಸಿಗಳನ್ನು ಮೊದಲು ಬಿಡುವುದು, ಸ್ವಲ್ಪ ಹೊತ್ತಿನ ಮೇಲೆ ವೃತ್ತಿಪರರನ್ನು. ಹೊರಡುವ ಮುಂಚೆ ಮೈಕಿನಲ್ಲಿ ಒಂದು ಮಾತು ಹೇಳಿದರು: ಹಿಂದಿನಿಂದ ವೃತ್ತಿಪರರು ಬಂದರೆ ಎಡಕ್ಕೆ ಸರಿದು ದಾರಿ ಬಿಡಬೇಕು.

ಗುರುದೇವಿ ಅರ್ಧ ದಾರಿಯೊಳಗೇ ತನ್ನವರನ್ನೆಲ್ಲ ಹಿಂದೆ ಹಾಕಿದ್ದಳು. ಕೀಸರದ ತಿರುವು ದಾಟಿದಾಗ ಹಿಂದೆ ಟೈರುಗಳ ಸದ್ದು ಕೇಳಿತು. ಎಡಕ್ಕೆ ಸರಿದಳು. ಏಳೆಂಟು ಜನರ ಗುಂಪು ಪಕ್ಕದಲ್ಲೇ ಹಾದುಹೋಯಿತು. ಹೇಳಿದಂತೆ ದಾರಿ ಬಿಟ್ಟಿದ್ದಾಯಿತು. ಬಿಟ್ಟ ಮೇಲೆ ಏನು ಮಾಡಬೇಕೆಂದು ಮೈಕು ಹೇಳಿರಲಿಲ್ಲ. ಕಾಲುಗಳು ತಾವೇ ನಿರ್ಧರಿಸಿದವು. ಅವಳು ಕೊನೆಯ ಸೈಕಲ್ಲಿನ ಹಿಂದೆ ಅಂಟಿಕೊಂಡಳು.

ಮುಂದಿನವರು ಗಾಳಿ ಸೀಳುತ್ತಿದ್ದರೆ ಹಿಂದಿನ ಗಾಳಿಮರೆಯಲ್ಲಿ ತುಳಿಯುವುದು ಎಷ್ಟು ಹಗುರ! ಸ್ವಲ್ಪ ದೂರ ಹೋದ ಮೇಲೆ ಕೊನೆಯಲ್ಲಿದ್ದ ಹುಡುಗಿ ತಿರುಗಿ, ಹಿಂದಿಯಲ್ಲಿ ನೀನ್ಯಾರು ಎಂದಳು.

"ಯವ್ವಾ, ದಮ್ ಹತ್ತೈತಿ, ಈಗ ಮಾತಾಡಿಸ್ತಾಳ ನೋಡು," ಎಂದು ಗುರುದೇವಿ ತನಗೆ ತಾನೇ ಗೊಣಗಿಕೊಂಡಳು.

ಹುಡುಗಿ ನಕ್ಕಳು. "ಯಾವೂರ್ರಿ ಅಕ್ಕಾರ?"

"ತಾಳಿಕೋಟಿ ಕಡೆಯಾಕಿ."

"ನಾ ಬಬಲೇಶ್ವರದಾಕಿ, ಸುಹಾಸಿನಿ. ರೈಲ್ವೆ ಟೀಮಿನ್ಯಾಗ ಅದೀನಿ. ಬರೀ ಹಿಂದ ಕುಂತು ಬರಬ್ಯಾಡ್ರಿ. ಮುಂದ ಬಂದು ಸ್ವಲ್ಪ ಗಾಳಿ ತಗೋರಿ."

ಗುರುದೇವಿ ಮುಂದೆ ಹೋದಳು. ಎದುರುಗಾಳಿ ಎದೆಗೆ ಗುದ್ದಿದಂತೆ ಬಂತು. ತನ್ನ ಪಾಳಿ ಮುಗಿಸಿ ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ನೌಕರಿಗಾಗಿ, ದೇಶಕ್ಕಾಗಿ ಓಡುವ ಹುಡುಗಿಯರ ಸಾಲಿನಲ್ಲಿ ಅವಳೂ ಒಂದು ಕೊಂಡಿಯಾಗಿದ್ದಳು. ಪಕ್ಕದಲ್ಲಿ ರೇಸಿನ ಅಧಿಕಾರಿಯ ಬೈಕು ಹಾರ್ನ್ ಹೊಡೆಯುತ್ತ ಬಂತು. ರಸ್ತೆ ಬದಿಯ ಜನರನ್ನು ಸರಿಸಲು ಇರಬೇಕು ಎಂದುಕೊಂಡಳು.

ಕೊನೆಯಲ್ಲಿ ಅವರೆಲ್ಲ ಸೀಟಿನಿಂದ ಎದ್ದು ನುಗ್ಗಿದಾಗ ಅವಳಿಗೆ ಸಾಗಲಿಲ್ಲ. ಆದರೂ ಅವರ ಬೆನ್ನಿಗೇ ಗೆರೆ ದಾಟಿದಳು. ಹವ್ಯಾಸಿಗಳ ಪೈಕಿ ಎರಡನೆಯವಳು ಗೆರೆ ಮುಟ್ಟುವಷ್ಟರಲ್ಲಿ ಅವಳು ನೀರು ಕುಡಿದು, ಬಾಳೆಹಣ್ಣು ತಿಂದು ಮುಗಿಸಿದ್ದಳು.

ಹವ್ಯಾಸಿಗಳ ಮೊದಲ ಸ್ಥಾನಕ್ಕೆ ಗಗನ ಎಂಬ ಹೆಸರು ಕೂಗಿದರು. ಎರಡನೆಯದು, ಮೂರನೆಯದು ಇನ್ಯಾರದೋ. ಗುರುದೇವಿಯ ಹೆಸರೇ ಇಲ್ಲ.

ಮುಖ್ಯ ಅಧಿಕಾರಿ ವಿಶ್ವಜಿತ್ ಸಿಟ್ಟಾಗುವ ಮನುಷ್ಯನಲ್ಲ. ಕುರ್ಚಿ ತರಿಸಿ ಕೂರಿಸಿ, ಹಿಂದಿಯಲ್ಲಿ ಮೆತ್ತಗೆ ಹೇಳಿದ: "ಹವ್ಯಾಸಿ ಸವಾರರು ವೃತ್ತಿಪರರ ಗಾಳಿಮರೆಯಲ್ಲಿ ಬರುವಂತಿಲ್ಲಮ್ಮ. ಬೈಕಿನವರು ಎಚ್ಚರಿಕೆ ಕೊಟ್ಟರಲ್ಲ."

"ಮೈಕಿನಲ್ಲಿ ದಾರಿ ಬಿಡಿ ಅಂದಿರಿ, ಬಿಟ್ಟೆ," ಎಂದಳು ಗುರುದೇವಿ, ಅವನ ಹಿಂದಿಗೆ ತನ್ನ ಹಿಂದಿ ಜೋಡಿಸಿ. "ನಾನು ಮುಂದೆಯೂ ಹೋಗಿ ಎಳೆದಿದ್ದೇನೆ. ಅವರನ್ನೇ ಕೇಳಿ."

ಸುಹಾಸಿನಿ ತಾನಾಗಿಯೇ ಬಂದು, ಹೌದು, ನಮ್ಮಷ್ಟೇ ದುಡಿದಿದ್ದಾರೆ ಎಂದಳು. ವಿಶ್ವಜಿತ್ ಅಡ್ಡಡ್ಡ ತಲೆಯಾಡಿಸಿದ. ಅದು ಇನ್ನೂ ದೊಡ್ಡ ತಪ್ಪು ಎಂದ. ಹವ್ಯಾಸಿಯೊಬ್ಬಳು ವೃತ್ತಿಪರರ ಗುಂಪಿಗೆ ನೆರವಾದರೆ ಅವರ ಫಲಿತಾಂಶವೂ ಕೆಡುತ್ತದಂತೆ.

"ಒಂದ ಪಂಕ್ತಿಗೆ ಕುಂದರಿಸೂದು, ಎಲಿ ಮುಟ್ಟಬ್ಯಾಡ ಅನ್ನೂದು," ಎಂದು ಗುರುದೇವಿ ಕನ್ನಡದಲ್ಲೇ ಹೇಳಿ ಎದ್ದಳು. ಅರ್ಥವಾದದ್ದು ಸುಹಾಸಿನಿಗೆ ಮಾತ್ರ.

ಹೊರಗೆ ಗಗನ ಎದುರಾದಳು. ಕೊರಳಲ್ಲಿ ಪದಕವಿತ್ತು, ಮುಖದಲ್ಲಿ ಗೆಲುವಿರಲಿಲ್ಲ. "ಅಕ್ಕಾ, ನೀವೇ ಜೋರು, ನನಗೆ ಗೊತ್ತು," ಎಂದಳು. "ಆದರೆ ನಾನು ಅಷ್ಟು ದೂರ ಒಬ್ಬಳೇ ಗಾಳಿಗೆ ಎದುರಾಗಿ ಬಂದೆ. ನಿಮಗೆ ಎಂಟು ಜನರ ಮರೆ ಇತ್ತು. ಅದು ಸಮ ಹೇಗಾಗುತ್ತದೆ?"

ಗುರುದೇವಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಸೈಕಲ್ ಹತ್ತಿದಳು. ವಿಶ್ವಜಿತನ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಈ ಹುಡುಗಿಯ ಮಾತು ಮಾತ್ರ ಮನೆವರೆಗೂ ಬೆನ್ನು ಬಿಡಲಿಲ್ಲ. ಅದರಲ್ಲಿ ನ್ಯಾಯವಿತ್ತು. ತನ್ನದರಲ್ಲೂ ನ್ಯಾಯವಿತ್ತು. ಎರಡನ್ನೂ ಒಂದೇ ರಸ್ತೆಗೆ ಬಿಟ್ಟವರು ಮಾತ್ರ ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಹೋಗಿದ್ದರು.

ತಿಂಗಳುಗಟ್ಟಲೆ ಅವಳು ಸಂಘಟಕರಿಗೆ ಫೋನು ಮಾಡಿದಳು. ಬಹುಮಾನ ಬೇಡ, ನಿಯಮ ಸರಿಪಡಿಸಿ ಎಂದಳು. ಸಮನಾಗಿ ಓಡಬಲ್ಲವರನ್ನು ಒಟ್ಟಿಗೇ ಬಿಡಿ, ಉಳಿದವರನ್ನು ಬೇರೆ ಬಿಡಿ ಎಂದಳು. ನೋಡೋಣ ಎಂದವರು ಕೊನೆಗೂ ನೋಡಿದರು. ಮರುವರ್ಷದಿಂದ ವೃತ್ತಿಪರರ ರೇಸೇ ಬೇರೆ, ಹವ್ಯಾಸಿಗಳದೇ ಬೇರೆ ಎಂದು ಸಾರಿದರು. ಅವಳು ಕೇಳಿದ್ದು ಅದಾಗಿರಲಿಲ್ಲ.

"ಹಂಗಾರ ನಾನೂ ಆ ಕಡೆ ಹೊಕ್ಕೀನಿ," ಎಂದಳು ಗಂಡನಿಗೆ.

"ಅವ್ರು ಹುಡುಗ್ಯಾರು. ನಿನಗ ಆಕ್ಕತೇನು?" ಎಂದ ಆನಂದಕುಮಾರ, ಬಿಚ್ಚಿದ ಮಿಕ್ಸಿಯಿಂದ ಕಣ್ಣೆತ್ತದೆ.

"ಆಗದಿದ್ರ ಹಿಂದ ಬೀಳ್ತೀನಿ. ಹಿಂದ ಬಿದ್ರ ಯಾರೂ ಪಟ್ಟಿಯಿಂದ ಹೆಸರು ತಗಿಯೂದಿಲ್ಲಲ್ರಿ."

ಮರುದಿನದಿಂದ ಬೆಳಗಿನ ಅಡುಗೆಗೆ ಆನಂದಕುಮಾರನೇ ನಿಂತ. ಅವಳು ವೃತ್ತಿಪರರ ಲೈಸೆನ್ಸಿಗಾಗಿ ಅಲೆದಳು, ಡಾಕ್ಟರಿಗೆ ಎದೆ ಬಡಿತ ತೋರಿಸಿದಳು. ಕೀಸರದ ಏರನ್ನು ಬಿಸಿಲಲ್ಲೂ ಹತ್ತಿದಳು, ಮಳೆಯಲ್ಲೂ ಹತ್ತಿದಳು. ಲೈಸೆನ್ಸ್ ಬಂತು.

ರೇಸಿನ ದಿನ ನಂಬರು ಚುಚ್ಚಿಕೊಂಡು ಹೋದರೆ, ವೃತ್ತಿಪರ ಹೆಂಗಸರ ಕಡೆ ಅವಳೂ ಸೇರಿ ಐದೇ ಜನ. ಎರಡು ತಂಡಗಳು ಬೇರೆ ಕಡೆಯ ರೇಸಿಗೆ ಹೋಗಿದ್ದವು. ಇಷ್ಟು ಕಡಿಮೆ ಜನಕ್ಕೆ ರೇಸು ನಡೆಸುವಂತಿಲ್ಲ ಎಂದು ವಿಶ್ವಜಿತ್ ಕೈಮುಗಿದ.

"ಹವ್ಯಾಸಿಗಳ ಜೊತೆ ಬಿಡಿ," ಎಂದಳು ಗುರುದೇವಿ.

"ನಿಮಗೀಗ ಲೈಸೆನ್ಸ್ ಇದೆಯಲ್ಲಮ್ಮ. ಅವರ ರೇಸಿನಲ್ಲಿ ನೀವು ಓಡುವಂತಿಲ್ಲ."

ಹವ್ಯಾಸಿ ಹೆಂಗಸರು ಅವಳ ಕಣ್ಣೆದುರೇ ಹೊರಟರು. ಗಗನ ಕೈ ಬೀಸಿದಳು. ಸುಹಾಸಿನಿ ಹೆಲ್ಮೆಟ್ ತೆಗೆದು, "ಮಧ್ಯಾಹ್ನದ ಗಾಡಿಗೆ ಹೊಂಟೀನ್ರಿ ಅಕ್ಕಾರ. ನಮಗಿದು ರೂಢಿ ಆಗೇತಿ," ಎಂದು ಸಿಕಂದರಾಬಾದ್ ಸ್ಟೇಷನ್ನಿನ ಹಾದಿ ಹಿಡಿದಳು.

ಗುರುದೇವಿ ಲಾರಿ, ಆಟೋಗಳ ನಡುವೆ ಮನೆಗೆ ಬಂದಳು. ಕಾಲಲ್ಲಿ ಶಕ್ತಿ ಹಾಗೇ ತುಂಬಿಕೊಂಡಿತ್ತು. ಸುರಿಯಲು ಜಾಗವಿರಲಿಲ್ಲ.

"ಎಷ್ಟನೇದಾಕಿ ಬಂದಿ?" ಎಂದ ಆನಂದಕುಮಾರ.

"ರೇಸ ಆಗಲಿಲ್ಲ. ಮಂದಿ ಸಾಲಲಿಲ್ಲಂತ."

ಅವನು ಅವಳ ಕೈಯಿಂದ ಸೈಕಲ್ ತೆಗೆದುಕೊಂಡು ಗೋಡೆಗೆ ಒರಗಿಸಿ, "ಹೋದ ವರ್ಷ ನೀ ಒಬ್ಬಾಕಿ ಹೆಚ್ಚಾಗಿದ್ದಿ, ಈ ವರ್ಷ ಮಂದಿ ಕಡಿಮಿ ಬಿದ್ರು," ಎಂದ. ನಗಿಸಲೆಂದೇ ಅಂದದ್ದು. ಅವಳು ನಗಲಿಲ್ಲ. ಬೂಟು ಬಿಚ್ಚಿ ಮೂಲೆಗೆ ಎಸೆದು, ಬಚ್ಚಲಿಗೆ ಹೋಗಿ ತಲೆ ಮೇಲೆ ತಣ್ಣೀರು ಸುರಿದುಕೊಂಡಳು.

ಈಗಲೂ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ಮೊನ್ನೆ ಸುಹಾಸಿನಿ ಫೋನು ಮಾಡಿ, ಸೊಲ್ಲಾಪುರದಲ್ಲಿ ಒಂದು ರೇಸು ಇದೆ, ಬರ್ರಿ ಎಂದಿದ್ದಾಳೆ. ಎಷ್ಟು ಮಂದಿ ಬರುತ್ತಾರೆಂದು ಮೊದಲು ಖಾತ್ರಿ ಮಾಡು, ಆಮೇಲೆ ಹೇಳುತ್ತೇನೆ ಎಂದು ಗುರುದೇವಿ ಫೋನಿಟ್ಟಳು.