ಮರಳುಗಾಡಿಗೊಂದು ಕಂಬಳಿ

ಕಂಪ್ಯೂಟರ್ ಆಟ ಆಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಮುಂದೆ ಕೂತು ಬಿಲ್ ಹೊಡೆಯುವವಳು ನಾನು. ಮನೆಗೆ ಬಂದರೆ ಅಲ್ಲೂ ಅದೇ ಪರದೆ, ಅದೇ ಟಕಟಕ. ಆದರೆ ಆಡುತ್ತಿದ್ದವನು ನನ್ನ ತಮ್ಮ. ಸೊಂಟದಿಂದ ಕೆಳಗೆ ಅವನಿಗೆ ಚಿವುಟಿದರೂ ಸುಟ್ಟರೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ನನ್ನ ಬಾಯಿ ಬಲ್ಲವರಿಗೆ ಅದೆಷ್ಟು ಕಷ್ಟದ ಕೆಲಸ ಎಂಬುದು ಗೊತ್ತು.

ನಾವು ಜಗಳೂರು ಕಡೆಯ ಕುರಿ ಸಾಕುವ ಮಂದಿ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಮಂದೆಗಳು ಮೇವು ಹುಡುಕಿಕೊಂಡು ಹೊನ್ನಾಳಿ, ನ್ಯಾಮತಿಯ ನೀರಾವರಿ ಗದ್ದೆಗಳಿಗೆ ಇಳಿಯುತ್ತವೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿದರೆ ಹೊಲದವರಿಗೆ ಗೊಬ್ಬರ, ಕುರಿಯವರಿಗೆ ಕಾಳು. ಅಪ್ಪ ತೀರಿಕೊಂಡ ಮೇಲೆ ಮಂದೆಯನ್ನು ಚಿಕ್ಕಪ್ಪ ನೋಡಿಕೊಂಡ. ತಮ್ಮನಿಗೆ ಕುರಿಗಿಂತ ಯಂತ್ರದ ಮೇಲೆ ಮನಸ್ಸು. ಹೊನ್ನಾಳಿಯ ಒಂದು ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ರಜೆಯ ದಿನ, ನ್ಯಾಮತಿ ಹತ್ತಿರ ಬೀಡುಬಿಟ್ಟಿದ್ದ ಚಿಕ್ಕಪ್ಪನಿಗೆ ಬುತ್ತಿ ಕೊಡಲು ಬೈಕಿನಲ್ಲಿ ಹೊರಟ. ರಸ್ತೆಯ ಅರ್ಧಕ್ಕೆ ಯಾರೋ ಮೆಕ್ಕೆಜೋಳ ಒಣಹಾಕಿ, ವಾಹನ ಹತ್ತದಿರಲೆಂದು ಅಂಚಿಗೆ ಕಲ್ಲಿಟ್ಟಿದ್ದರು. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ, ನಾವೂ ಹಾಕಿದ್ದೇವೆ. ಡಾಂಬರು ರಸ್ತೆಯಂಥ ಕಣ ಇನ್ನೆಲ್ಲಿ ಸಿಗುತ್ತದೆ? ಎದುರಿಗೆ ಬಸ್ಸು ಬಂತು, ಬೈಕು ಕಾಳಿನ ಮೇಲೆ ಹತ್ತಿ ಜಾರಿತು, ಅವನ ಬೆನ್ನು ಹೋಗಿ ಕಲ್ಲಿಗೆ ಬಡಿಯಿತು. ಬುತ್ತಿ ಮಾತ್ರ ಚೆಲ್ಲಿರಲಿಲ್ಲ ಎಂದು ಯಾರೋ ಸಮಾಧಾನದ ಹಾಗೆ ಹೇಳಿದ್ದು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಯಿಂದ ನೇರ ಚನ್ನಗಿರಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ಅವನನ್ನು ನೋಡಿಕೊಳ್ಳಲು ಅವ್ವ ಊರು ಬಿಟ್ಟು ಬಂದಳು. ಡಾಕ್ಟರು ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: ಮಲಗಿದ ಕಡೆ ಹುಣ್ಣಾಗಬಾರದು. ಆಗಾಗ ಮಗ್ಗುಲು ಬದಲಿಸಬೇಕು, ಕೆಳಗೆ ಗಾಳಿಹಾಸಿಗೆ ಇರಬೇಕು, ಅದರ ಮೇಲೆ ನುಣುಪಾದ ಹತ್ತಿಬಟ್ಟೆಯನ್ನು ಸುಕ್ಕಿಲ್ಲದೆ ಹಾಸಬೇಕು. ಹುಣ್ಣಾದರೂ ಅವನಿಗೆ ನೋವು ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ. ಅವ್ವ ಹೂಂ ಹೂಂ ಎಂದು ತಲೆಯಾಡಿಸಿದಳು. ಅವನ ಜೀವ ಬೆನ್ನ ಬುಡದ ಅಂಗೈಯಗಲ ಚರ್ಮದಲ್ಲಿ ಇದೆ ಎಂಬುದು ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವನ ಆ ಆಟದಲ್ಲಿ ಗೆಲುವು ಎಂಬುದಿಲ್ಲ. ದೊಡ್ಡದೊಂದು ಪ್ರಪಂಚದಲ್ಲಿ ಬರಿಗೈಯಲ್ಲಿ ಬಿಟ್ಟುಬಿಡುತ್ತಾರೆ. ಸೌದೆ ಕಡಿದು, ನೀರು ಹುಡುಕಿ, ಗುಡಿಸಲು ಕಟ್ಟಿ ಬದುಕಿಕೊಳ್ಳಬೇಕು. ಕಾಡಿದೆ, ಕಡಲಿದೆ, ಹಿಮದ ಬೆಟ್ಟವಿದೆ. ತಮ್ಮ ಅವೆಲ್ಲ ಬಿಟ್ಟು ಮರಳುಗಾಡಿಗೇ ಹೋಗುತ್ತಿದ್ದ, ಹೋಗಿ ಬೈಯುತ್ತಿದ್ದ.

"ನೋಡಕ್ಕ, ಮರಳು, ಒಂದು ಕಳ್ಳಿಗಿಡ, ಮತ್ತೆ ಮರಳು. ಇದನ್ನ ಮಾಡಿದೋರು ಒಣನೆಲದಾಗೆ ಒಂದಿನಾನೂ ನಡೆದಿಲ್ಲ. ಇಲ್ಲಿ ಬಂದೋರು ಓಡಿ ದಾಟ್ತಾರೆ ಅಷ್ಟೆ."

"ಮತ್ತೆ? ಬಿಸಿಲಾಗೆ ಕೂತ್ಕೊಂಡು ಊಟ ಮಾಡ್ತಾರಾ?" ಎಂದೆ.

"ಮಾಡಂಗಿರಬೇಕು," ಎಂದ.

ಆ ಆಟಕ್ಕೆ ಆಡುವವರೇ ಹೊಸ ಗಿಡ, ಪ್ರಾಣಿ, ಗಾಳಿಮಳೆ ಸೇರಿಸಿ ಬೇರೆಯವರಿಗೂ ಕೊಡಬಹುದಂತೆ. ರಿಪೇರಿ ಅಂಗಡಿಯಲ್ಲಿ ಕಲಿತದ್ದು, ವಿಡಿಯೊ ನೋಡಿ ಕಲಿತದ್ದು ಎಲ್ಲ ಸೇರಿಸಿ ಅವನು ಮರಳುಗಾಡನ್ನು ರಿಪೇರಿ ಮಾಡಲು ಕೂತ. ಅಪಘಾತವಾದ ಮೇಲೆ ನಾಳೆ ಎಂಬ ಪದ ಅವನ ಬಾಯಲ್ಲಿ ಮೊದಲು ಬಂದದ್ದು ಆಗಲೇ. "ನಾಳೆ ಹಳ್ಳ ಮಾಡ್ತೀನಿ," ಎಂದ. ನನಗೆ ಅಳು ಬಂತು. ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದೆ.

ನಾನೂ ಸಲಹೆ ಕೊಟ್ಟೆ. ಹಾಳು ಕೋಟೆ ಹಾಕು, ನಿಧಿ ಹೂತಿಡು, ನಾಗರಹಾವು ಬಿಡು ಎಂದೆ. ಅವನು ನಕ್ಕ. "ನಿಧಿ ಸಿಕ್ಕಿದ ಮ್ಯಾಲೆ ಯಾರು ನಿಲ್ತಾರಕ್ಕ? ಸಾಮಾನು ತುಂಬಿದ್ರೆ ಆಗಲ್ಲ. ಏನೋ ಒಂದು ಬೇಕು ಅನ್ನಿಸಬೇಕು, ಹುಡುಕಿದ್ರೆ ಸಿಗಬೇಕು." ಅವನು ಮೊದಲು ಮಾಡಿದ್ದು ನೀರೇ ಇಲ್ಲದ ಹಳ್ಳ. ಅದರಲ್ಲಿ ಮರಳಿನ ಬಣ್ಣ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ತೋಡಿದರೆ ಒರತೆ. ತೋಡಿ ಕಾಯಬೇಕು, ಅವಸರಪಟ್ಟು ಬಾಚಿದರೆ ಕೆಸರು. ಆಮೇಲೆ ಬಳ್ಳಾರಿ ಜಾಲಿ ಬಂತು: ಮುಳ್ಳೂ ಅದರದೇ, ನೆರಳೂ ಅದರದೇ. ಒಂದು ಕ್ಷಣ ಕಂಡು ಮರೆಯಾಗುವ ನಾಲ್ಕು ಕೊಂಬಿನ ಹುಲ್ಲೆ, ನಮ್ಮ ಕಡೆಯ ಕೊಂಡುಕುರಿ, ಬಂತು. ತೋಳವೂ ಬಂತು.

ಅವ್ವನಿಗೆ ಈ ಆಟವೆಂದರೆ ಅಸಡ್ಡೆ. "ಬೊಂಬೆ ಕುಣಿಸ್ಕೊಂಡು ಕುಂತಾನೆ," ಎನ್ನುತ್ತಿದ್ದಳು. ಆದರೆ ಪರದೆಯ ಮೇಲೆ ತೋಳ ಕಂಡಾಗ ಸುಮ್ಮನಿರಲಾಗಲಿಲ್ಲ. "ಹಂಗಲ್ಲಪ್ಪ ಅದು ಬರೋದು. ಗಾಳಿಗೆ ಎದುರಾಗಿ ಬರ್ತೈತೆ, ನಾಯಿಗೆ ವಾಸ್ನೆ ಸಿಗಬಾರ್ದು ಅಂತ," ಎಂದಳು. ಅವನು ಹಾಗೇ ತಿದ್ದಿದ. ಅವತ್ತಿನಿಂದ ಅವಳೂ ಮಂಚದ ಪಕ್ಕ ಕೂತು ತಪ್ಪು ಹುಡುಕತೊಡಗಿದಳು. ನಾನು ಮಂಡಿಯಿಂದ ಬರುವಷ್ಟರಲ್ಲಿ ತಾಯಿ ಮಗ ಮರಳುಗಾಡಿನ ಬಗ್ಗೆ ಜಗಳಾಡುತ್ತಿದ್ದರು. ಹಾಳಾದ ಮನೆಯಲ್ಲಿ ಜಗಳದ ಸದ್ದು ಕೇಳಿ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಚಳಿಯ ಯೋಚನೆ ಬಂದದ್ದು ಆ ಹೊತ್ತಿನಲ್ಲಿ. ಮರಳುಗಾಡು ಎಂದರೆ ಬರೀ ಬಿಸಿಲು ಎಂದು ಎಲ್ಲರೂ ತಿಳಿದಿರುತ್ತಾರೆ. ಬಯಲಿನ ಚಳಿ ಬಯಲಲ್ಲಿ ಮಲಗಿದವರಿಗೇ ಗೊತ್ತು. ಹಗಲು ನೆರಳು ಬೇಕು, ರಾತ್ರಿ ಬೆಚ್ಚಗೆ ಬೇಕು, ಆಗ ಮರಳುಗಾಡಿನಲ್ಲಿ ಮನುಷ್ಯನಿಗೆ ಪುರಸೊತ್ತೇ ಇರುವುದಿಲ್ಲ ಎಂದ. ಚಳಿ ಹಾಕಿದ. ಚಳಿಗೆ ಮದ್ದಾಗಿ ಕರಿಕಂಬಳಿ ಮಾಡುವುದೆಂದಾಯಿತು: ಕುರಿ ಹಿಡಿದು, ಉಣ್ಣೆ ಕತ್ತರಿಸಿ, ನೂತು, ನೇಯ್ದು, ಹೊದ್ದುಕೊಳ್ಳಬೇಕು. ಅದರ ನೇಯ್ಗೆ ಪರದೆಯ ಮೇಲೆ ನಿಜವಾಗಿ ಕಾಣಬೇಕು, ಹತ್ತಿರದಿಂದ ಫೋಟೊ ಹೊಡೆಯಬೇಕು. "ಅವ್ವ, ಅಪ್ಪನ ಕಂಬಳಿ ಎಲ್ಲೈತೆ?" ಎಂದು ಕೇಳಿದ.

ಅವ್ವನ ಮುಖ ಅವತ್ತು ನೋಡಬೇಕಿತ್ತು. ಮಗ ಹಾಸಿಗೆ ಹಿಡಿದಾಗಿನಿಂದ ಅವಳಿಂದ ಏನನ್ನೂ ಕೇಳಿರಲಿಲ್ಲ. ಎಲ್ಲವೂ ಡಾಕ್ಟರು ಬರೆದುಕೊಟ್ಟದ್ದು, ನಾನು ಅಂಗಡಿಯಿಂದ ತಂದದ್ದು. ಮಾರನೆಯ ದಿನ ಬೆಳಗಿನ ಬಸ್ಸಿಗೇ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಊರು. ಸಂಜೆ ಕಂಬಳಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದಳು. ಬಸ್ಸಿನಲ್ಲಿ ಕೆಳಗಿಡಲಿಲ್ಲವಂತೆ. ನಮ್ಮಲ್ಲಿ ಕಂಬಳಿಯೆಂದರೆ ಹೊದಿಕೆಯಲ್ಲ, ದೇವರು. ಮದುವೆಗೂ ಅದೇ ಗದ್ದುಗೆ, ನ್ಯಾಯಕ್ಕೂ ಅದೇ ಗದ್ದುಗೆ. ತಮ್ಮ ಅದರಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಇದ್ದ. ಕುರಿ, ಹೊಗೆ, ಅಪ್ಪ, ಎಲ್ಲದರ ವಾಸನೆ ಅದರಲ್ಲಿತ್ತು.

ಫೋಟೊ ಹೊಡೆದಾದ ಮೇಲೆ ಅವ್ವ ಅದನ್ನು ಅವನ ಕೆಳಗೆ ಹಾಸಿದಳು.

ನಾನು ಕೂಗಾಡಿದೆ. ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ ಕಂಬಳಿ. ಅದರ ಒರಟು ನಮ್ಮ ಅಂಗೈಗೇ ಚುಚ್ಚುತ್ತದೆ. "ಡಾಕ್ಟ್ರು ಏನು ಹೇಳಿದ್ರು ಮರೆತ್ಯಾ?" ಎಂದೆ. ಅವ್ವ ಸೊಪ್ಪು ಹಾಕಲಿಲ್ಲ. "ಆ ರಬ್ಬರು ಹಾಸಿಗೆ ಮ್ಯಾಲೆ ಬೆವತು ಬೆವತು ಸಾಯ್ತಾನೆ. ಕಂಬಳಿ ಮ್ಯಾಲೆ ಮಲಗಿದೋರಿಗೆ ಏನೂ ಆಗಲ್ಲ," ಎಂದಳು. ತಮ್ಮ ಅವಳ ಕಡೆಗೇ ನಿಂತ: "ಇರ್ಲಿ ಬಿಡಕ್ಕ, ನಿದ್ದೆ ಬರ್ತೈತೆ." ನನ್ನ ಗಲಾಟೆ ತಡೆಯಲಾರದೆ ಅವ್ವ ಅದರ ಮೇಲೆ ತನ್ನದೊಂದು ಹಳೇ ಸೀರೆ ಹಾಸಿದಳು. ಅದು ಮುದುರಿ ಮುದುರಿ ಒಂದು ಕಡೆ ಸೇರುತ್ತಿತ್ತು.

ಆಟದೊಳಗಿನ ಕಂಬಳಿ ಮಾತ್ರ ಚೆನ್ನಾಗಿ ಬಂತು. ಅವನ ಮರಳುಗಾಡಿನಲ್ಲಿ ಸಂಜೆಯಾದರೆ ಚಳಿಗೆ ಪರದೆಯ ಅಂಚು ಬೆಳ್ಳಗಾಗುತ್ತಾ ಬರುತ್ತದೆ; ಆಡುವವನ ಬೊಂಬೆ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ಅಂದರೆ ತಲೆಯ ಮೇಲಿಂದ ಮಡಚಿ ಹೊದ್ದು, ಹಳ್ಳದ ದಡದಲ್ಲಿ ಕೂರುತ್ತದೆ. ಯಾವ್ಯಾವುದೋ ದೇಶದವರು ಅದನ್ನು ಇಳಿಸಿಕೊಂಡು ಆಡಿದರು. ಮೊದಲ ಸಲ ಮರಳುಗಾಡಿನಲ್ಲಿ ಮನೆ ಕಟ್ಟಿದೆ ಎಂದು ಒಬ್ಬ ಬರೆದಿದ್ದ. ತಮ್ಮ ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದ. "ಕಂಬಳಿ ಬಗ್ಗೆ ಏನಂದ್ರು?" ಎಂದು ಅವ್ವ ಕೇಳಿದಳು.

ಹುಣ್ಣು ಮೊದಲು ಕಂಡದ್ದು ಅವ್ವನಿಗೆ, ಮೈ ಒರೆಸುವಾಗ. ಕೆಂಪಗಿನ ಒಂದು ಗುರುತು ಅಷ್ಟೇ ಎಂದು ಅರಿಸಿನ ಹಚ್ಚಿದಳು. ನನಗೆ ಹೇಳಿದರೆ ಕೂಗಾಡುತ್ತೇನೆಂದು ಹೇಳಲಿಲ್ಲ. ನನಗೆ ಗೊತ್ತಾದದ್ದು ವಾಸನೆಯಿಂದ. ಮಗ್ಗುಲು ಹೊರಳಿಸಿ ನೋಡಿದರೆ ಬೆನ್ನ ಬುಡದಲ್ಲಿ ಮೂಳೆ ಕಾಣುತ್ತಿತ್ತು. ತಮ್ಮ ಆ ಕಡೆ ಮುಖ ಮಾಡಿಕೊಂಡು, "ಏನಕ್ಕ, ಏನಾಗೈತೆ?" ಎಂದು ಕೇಳುತ್ತಿದ್ದ. ಅವನಿಗೆ ನಿಜಕ್ಕೂ ಏನೂ ತಿಳಿಯುತ್ತಿರಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ ನಮ್ಮ ಕಡೆ ತಿರುಗಿದರು. "ಕೆಳಗೆ ಏನು ಹಾಸಿದ್ರಿ?" ನಾನು ಬಾಯಿ ತೆರೆಯುವ ಮೊದಲೇ ತಮ್ಮ ಉತ್ತರ ಕೊಟ್ಟ: "ಗಾಳಿಹಾಸಿಗೇನೇ ಸರ್. ಕರೆಂಟ್ ಹೋದಾಗೆಲ್ಲ ಪಂಪು ನಿಲ್ತಿತ್ತು." ಅವ್ವ ಗೋಡೆ ನೋಡುತ್ತಾ ನಿಂತಿದ್ದಳು. ಡಾಕ್ಟರು ಹೋದ ಮೇಲೆ, ಅವಳು ನೀರು ತರಲು ಹೊರಗೆ ಹೋದಾಗ, ಅವನು ನನ್ನ ಕೈ ಹಿಡಿದ. "ಅವ್ವಂಗೆ ಹೇಳಬ್ಯಾಡ. ಕಂಬಳಿಯಿಂದ ಆಗಿದ್ದು ಅಂತ ಅವಳಿಗೆ ಗೊತ್ತಾಗಬಾರ್ದು." ಹೂಂ ಎಂದೆ. ಅವ್ವನ ಮೇಲಿನ ಕೋಪ ಮಾತ್ರ ನನ್ನೊಳಗೇ ಉಳಿಯಿತು.

ನಂಜು ರಕ್ತಕ್ಕೆ ಇಳಿದಿತ್ತು. ಜ್ವರ ಕಡಿಮೆಯಾದ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಕೇಳಿದ. ಅವ್ವ ಮಂಚದ ಕೆಳಗೆ ಚಾಪೆ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಏನೇನೋ ಒತ್ತಿ, ಮರಳುಗಾಡಿನಿಂದ ಕಂಬಳಿಯನ್ನು ತೆಗೆದುಹಾಕಿದ.

"ಯಾಕೋ? ಎಲ್ಲಾರೂ ಅದನ್ನೇ ಮೆಚ್ಚಿದ್ರಲ್ಲ," ಎಂದೆ.

"ಅದಿದ್ರೆ ಆಟ ಭಾಳ ಸುಲಭ ಆಗ್ತೈತೆ," ಎಂದ. ಲ್ಯಾಪ್‌ಟಾಪ್ ಮುಚ್ಚಿ, "ನೋಡಿದ್ರೆ ಮನಸಿಗೆ ಹೆಂಗೋ ಆಗ್ತೈತಕ್ಕ," ಎಂದ. ಅದೇ ವಾರ ಹೋಗಿಬಿಟ್ಟ.

ಊರಲ್ಲಿ ಮಣ್ಣು ಮಾಡಿದೆವು. ಹಿರಿಯರು, "ಅಪ್ಪನ ಕಂಬಳಿ ತರ್ರಿ, ಹೊದಿಸಾನ," ಎಂದರು. ಅವ್ವ ಬೇಡ ಎಂದಳು. ಯಾಕೆಂದು ಯಾರೂ ಕೇಳಲಿಲ್ಲ. ಗಂಡನ ನೆನಪಿಗೆ ಇಟ್ಟುಕೊಳ್ಳುತ್ತಾಳೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಚಿಕ್ಕಪ್ಪ ತನ್ನ ಕಂಬಳಿಯನ್ನೇ ಕೊಟ್ಟ.

ಅವ್ವ ಈಗ ನನ್ನ ಜೊತೆ ಚನ್ನಗಿರಿಯಲ್ಲೇ ಇದ್ದಾಳೆ. ನಾವಿಬ್ಬರೂ ಬೇಳೆ, ಬಸ್ಸು, ಪಕ್ಕದ ಮನೆ ಎಂದು ಮಾತಾಡುತ್ತೇವೆ. ತಮ್ಮನಿಗೆ ಕೊಟ್ಟ ಮಾತಿನಿಂದಾಗಿ ನನ್ನ ಸಿಟ್ಟಿಗೆ ಹೋಗಲು ದಾರಿಯಿರಲಿಲ್ಲ. ಉಪ್ಪು ಹೆಚ್ಚಾಯಿತು, ಬಾಗಿಲು ತೆರೆದಿಟ್ಟಿದ್ದೀಯ ಎಂದು ಅವಳ ಮೇಲೆ ಹಾರಾಡುತ್ತಿದ್ದೆ. ಅವಳು ಒಂದಕ್ಕೂ ಎದುರು ಹೇಳುತ್ತಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸುತ್ತಿತ್ತು.

ಮೊನ್ನೆ ಒಂದು ಭಾನುವಾರ ಊಟವಾದ ಮೇಲೆ, "ಅವನ ಮರಳುಗಾಡು ತೋರ್ಸು," ಎಂದಳು.

ಲ್ಯಾಪ್‌ಟಾಪ್ ತೆರೆದೆ. ನನಗೆ ಆಡಲು ಸರಿಯಾಗಿ ಬರುವುದಿಲ್ಲ. ಬೊಂಬೆಯನ್ನು ಬಂಡೆಗೆ ಗುದ್ದಿಸುತ್ತಾ ಹೇಗೋ ಹಳ್ಳದವರೆಗೆ ನಡೆಸಿದೆ. ಅವ್ವ ಜಾಲಿ ಗುರುತಿಸಿದಳು, ಒರತೆ ಗುರುತಿಸಿದಳು. ಆಟದೊಳಗೆ ಸಂಜೆಯಾಯಿತು. ಪರದೆಯ ಅಂಚು ಬೆಳ್ಳಗಾಗತೊಡಗಿತು, ಬೊಂಬೆ ನಡುಗಿತು.

"ಕಂಬಳಿ ಹೊದ್ದಿಸು," ಎಂದಳು ಅವ್ವ.

"ಇಲ್ಲವ್ವ. ಆಟದೋರು ಹೊಸಾದು ಮಾಡುವಾಗ ಎಲ್ಲೋ ಬಿದ್ದುಹೋಗೈತೆ," ಎಂದೆ.

ಬೊಂಬೆ ಮರಳಿನ ಮೇಲೆ ಕುಸಿಯಿತು.

"ಅವನೇ ತೆಗೆದ. ಆಸ್ಪತ್ರ್ಯಾಗೆ," ಎಂದಳು. "ನಾನು ಮಲಗೀನಿ ಅಂದ್ಕೊಂಡಿದ್ರಿ."

ಹೇಳಬೇಕೆಂದು ಇಷ್ಟು ದಿನ ಬಾಯೊಳಗೆ ಕಚ್ಚಿಹಿಡಿದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಮತ್ತೆ ಹಾಕು ಅದನ್ನ," ಎಂದಳು. "ಅಲ್ಲಿ ಯಾರಿಗೂ ಹುಣ್ಣಾಗಲ್ಲ."

ಹಾಕಲು ನನಗೆ ಬರುವುದಿಲ್ಲ. ಮಂಡಿಯಿಂದ ಬಂದ ಮೇಲೆ ವಿಡಿಯೊ ನೋಡಿಕೊಂಡು ಕಲಿಯುತ್ತಿದ್ದೇನೆ. ಅವ್ವ ಪಕ್ಕದಲ್ಲಿ ಕೂತಿರುತ್ತಾಳೆ.